ವೈರ್‌ಲೆಸ್‌ನಲ್ಲಿ ಬಂದ ಮಂಡಕ್ಕಿ-ಮಿರ್ಚಿ

ಇವತ್ತು ಪೊಲೀಸರ ಬಗ್ಗೆ ಮಾತಾಡೋಣ. ಲಂಚ, ಲಾಠಿಚಾರ್ಜ್ ಅಲ್ಲ, ಸ್ವಲ್ಪ ನಗೋ ವಿಚಾರ.

ನಾನು ವರದಿಗಾರಿಕೆ ಶುರು ಮಾಡಿದ್ದು ಒಂದು ತಾಲೂಕು ಕೇಂದ್ರದಲ್ಲಿ. ಸುದ್ದಿ ಬೇಕಂದ್ರೆ ಸಂಜೆ ಠಾಣೆಯ ಬೆಂಚಿನ ಮೇಲೆ ಹೋಗಿ ಕೂರಬೇಕು. ಮೇಜಿನ ಮೇಲೆ ವೈರ್‌ಲೆಸ್ ಸೆಟ್ ಕರಕರ ಅಂತಿರೋದು. ಒಂದಿನ ಅದರೊಳಗಿಂದ ಗಂಭೀರ ದನಿ ಬಂತು: "ಬಸ್ ಸ್ಟ್ಯಾಂಡ್ ಪಾಯಿಂಟ್‌ನಲ್ಲಿದ್ದೀನಿ ಸಾರ್. ಮಿರ್ಚಿ ಬಿಸಿ ಇದೆ, ಎಷ್ಟು ತರಲಿ? ಓವರ್." ರೈಟರ್ ಅಷ್ಟೇ ಗಂಭೀರವಾಗಿ, "ಹತ್ತು ಮಿರ್ಚಿ, ಐದು ಮಂಡಕ್ಕಿ. ಈರುಳ್ಳಿ ಜಾಸ್ತಿ ಹಾಕ್ಸಪ್ಪ. ಓವರ್" ಅಂದ್ರು. ನಾನು ನಕ್ಕೆ. ಮಿರ್ಚಿ ಬಂದಾಗ ತಿಂದೆ ಕೂಡ. ಹಾಗಾಗಿ ಈ ಅಪರಾಧದಲ್ಲಿ ನನಗೂ ಪಾಲಿದೆ.

ಆ ಠಾಣೆಯಲ್ಲಿ ಯಾವ ಸಾಮಾನೂ ತನ್ನ ಕೆಲಸ ಮಾತ್ರ ಮಾಡ್ತಿರಲಿಲ್ಲ. ಲಾಠಿಯಿಂದ ಹುಣಸೆಕಾಯಿ ಉದುರುತ್ತಿತ್ತು. ಬ್ಯಾರಿಕೇಡ್ ಕ್ವಾರ್ಟರ್ಸ್ ಅಂಗಳದಲ್ಲಿ ಸಂಡಿಗೆ ಕಾಯ್ತಿತ್ತು. ಕೈಕೋಳ ಸೈಕಲ್ಲಿಗೆ ಬೀಗ. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಕ್ಕ ಕಾರಣವಿಲ್ಲದೆ ಆರೋಪಿಗೆ ಕೋಳ ತೊಡಿಸುವಂತಿಲ್ಲ ಎಂದು ಹೇಳಿತ್ತು. ಇದನ್ನ ನೆನಪಿಸಿದ್ರೆ ಪೇದೆಯೊಬ್ಬರು, "ಮನುಷ್ಯರಿಗೆ ತಾನೇ ಸಾರ್? ಸೈಕಲ್ ಬಗ್ಗೆ ಕೋರ್ಟು ಏನೂ ಹೇಳಿಲ್ವಲ್ಲ" ಅಂದ್ರು!

ಆದ್ರೆ ವೈರ್‌ಲೆಸ್ ಕಥೆ ಬೇರೆ. ಮೊಬೈಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ವಾಕಿ-ಟಾಕಿ ಹಾಗಲ್ಲ. ಗುಂಡಿ ಒತ್ತಿದರೆ ನಮ್ಮ ಮಾತು ಹೋಗುತ್ತೆ, ಬಿಟ್ಟರೆ ಬೇರೆಯವರದ್ದು ಕೇಳುತ್ತೆ. ಒಂದೇ ಚಾನೆಲ್ಲಿನಲ್ಲಿ ಹಲವು ಸೆಟ್‌ಗಳಿರುತ್ತವೆ. ಒಬ್ಬ ಗುಂಡಿ ಒತ್ತಿ ಹಿಡಿದರೆ ಉಳಿದವರೆಲ್ಲ ಕಾಯಬೇಕು. "ಓವರ್" ಅಂದ್ರೆ ನನ್ನದು ಮುಗೀತು, ಇನ್ನು ನಿನ್ನ ಸರದಿ ಅಂತ. ನಮ್ಮ ಟಿವಿ ಚರ್ಚೆಗಳಿಗೂ ಬೇಕಾದ ನಿಯಮ ಬಿಡಿ!

ಒಂದು ರಾತ್ರಿ ಜೀಪಿನ ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡ ಸೆಟ್ಟಿನ ಗುಂಡಿ ಒತ್ತಿಕೊಂಡೇ ಉಳೀತು. ಜೀಪಿನಲ್ಲಿದ್ದವರ ಹರಟೆ, ಹಾಡು, ಸಾಹೇಬರ ಅಣಕ ಎಲ್ಲ ಠಾಣೆಯ ಸೆಟ್ಟಲ್ಲಿ ನೇರಪ್ರಸಾರ. ನಾವು ಬಿದ್ದು ಬಿದ್ದು ನಕ್ವಿ. ಅದೇ ಹೊತ್ತಿಗೆ ಹೆದ್ದಾರಿಯಲ್ಲಿ ಬೈಕಿಗೆ ಲಾರಿ ಗುದ್ದಿ, ಹುಡುಗನೊಬ್ಬ ರಸ್ತೆ ಬದಿ ಬಿದ್ದಿದ್ದ. ಗಸ್ತಿನ ಪೇದೆ ಆಂಬುಲೆನ್ಸ್ ಕೇಳೋಕೆ ಗುಂಡಿ ಒತ್ತುತ್ತಲೇ ಇದ್ದರು. ಮಾತು ದಾಟಲಿಲ್ಲ. ಕೊನೆಗೆ ಹಾಲಿನ ವ್ಯಾನ್ ಅಡ್ಡಹಾಕಿ ಹುಡುಗನನ್ನ ಆಸ್ಪತ್ರೆಗೆ ಸಾಗಿಸಿದ್ರು. ಪುಣ್ಯಕ್ಕೆ ಬದುಕಿದ. ಬೆಳಗ್ಗೆ ಠಾಣೆಗೆ ಬಂದ ಆ ಪೇದೆ, ಇನ್ನೂ ನಗ್ತಾನೇ ಇದ್ದ ನಮ್ಮನ್ನ ನೋಡಿ ಇಷ್ಟೇ ಹೇಳಿದ್ದು: "ಆ ಹಾಡು ನಂಗೂ ಕೇಳಿಸ್ತಿತ್ತು ಸಾರ್."

ಗೆರೆ ಇರೋದು ಅಲ್ಲಿ. ಬ್ಯಾರಿಕೇಡ್ ಸಂಡಿಗೆ ಕಾದರೆ ನಗೋಣ. ಆದ್ರೆ ನಮ್ಮ ತಮಾಷೆ ಇನ್ನೊಬ್ಬರ ಕೂಗಿಗೆ ಅಡ್ಡ ಬಂದರೆ? 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಧ್ವನಿಯೂ ದಾಖಲಾಗಬೇಕು, ರಾತ್ರಿಯೂ ಕಾಣಬೇಕು ಎಂದು ಆದೇಶಿಸಿತು. ಲಾಕಪ್‌ನಲ್ಲಿರೋನಿಗೆ ಆ ಕ್ಯಾಮೆರಾನೇ ವೈರ್‌ಲೆಸ್. ಅದರ ಮೇಲೆ ಯಾರಾದ್ರೂ ಒದ್ದೆ ಟವೆಲ್ ಒಣಹಾಕಿದರೆ, ದಯವಿಟ್ಟು ನಗಬೇಡಿ.

ನನ್ನ ಮಾತು ಮುಗೀತು. ಓವರ್.