ಮನೆಯಂಗಳದ ಹಬ್ಬ: ಮಕ್ಕಳಿಗೂ ಹಿತ, ಸಂಸಾರಕ್ಕೂ ಮಿತ

ಮಗುವಿನ ಹುಟ್ಟುಹಬ್ಬವನ್ನು ಆಚರಿಸುವುದು ತಪ್ಪಲ್ಲ. ಮನೆಗೆ ಬಂದ ಜೀವವೊಂದು ಮತ್ತೊಂದು ವರ್ಷ ಸುಖವಾಗಿ ಬೆಳೆಯಿತೆಂಬ ಸಂತೋಷವನ್ನು ನಾಲ್ವರೊಡನೆ ಹಂಚಿಕೊಳ್ಳುವುದು ಸಹಜ. ಆದರೆ ಈಚಿನ ವರ್ಷಗಳಲ್ಲಿ ಈ ಸಂತೋಷಕ್ಕೆ ಸಭಾಂಗಣ, ಅಂತಸ್ತಂತಸ್ತಿನ ಕೇಕು, ಛಾಯಾಗ್ರಾಹಕ, ಬಂದವರಿಗೆಲ್ಲ ಮರು ಉಡುಗೊರೆ ಇವೆಲ್ಲ ಬೇಕೇ ಬೇಕೆಂಬ ಭಾವನೆ ಹಳ್ಳಿಗಳವರೆಗೂ ಹಬ್ಬಿದೆ. ಸಂಘದಲ್ಲಿ ಸಾಲ ಪಡೆದು ಮೊದಲ ಹುಟ್ಟುಹಬ್ಬ ಮಾಡಿ, ಅದರ ಕಂತು ತೀರುವ ಮೊದಲೇ ಎರಡನೆಯದನ್ನು ಎದುರುಗೊಂಡ ಕುಟುಂಬಗಳನ್ನು ನಾನು ಬಲ್ಲೆ. ಅಂತಹ ಮನೆಗಳಲ್ಲಿ ಕಂತಿಗೆ ಹಣ ಸಾಲದಾದಾಗ ಮೊದಲು ಕಡಿತಗೊಳ್ಳುವುದು ಹಾಲು, ಬೇಳೆ, ಹಣ್ಣು. ಎಂದರೆ ಆ ಮಗುವಿನದೇ ಆಹಾರ. ಆದುದರಿಂದ ಇದು ಕೇವಲ ಹಣಕಾಸಿನ ವಿಷಯವಲ್ಲ, ಆರೋಗ್ಯದ ವಿಷಯವೂ ಹೌದು.

ಹಬ್ಬದ ಮರುದಿನದ ಹೊಟ್ಟೆನೋವು

ಆಯುರ್ವೇದದ ಪ್ರಕಾರ ಬಾಲ್ಯವು ಕಫಪ್ರಧಾನವಾದ ಅವಸ್ಥೆ. ಅತಿ ಸಿಹಿ, ಅತಿ ತಂಪು, ಜಿಡ್ಡು ಮತ್ತು ಜಡವಾದ ಆಹಾರವು ಕಫವನ್ನು ಹೆಚ್ಚಿಸಿ ಜಠರಾಗ್ನಿಯನ್ನು ಮಂದಗೊಳಿಸುತ್ತದೆ. ರಾತ್ರಿ ಎಂಟು ಗಂಟೆಗೆ ಕೇಕು, ಅದರ ಮೇಲೆ ಐಸ್‌ಕ್ರೀಮು, ತಂಪು ಪಾನೀಯ, ಹತ್ತು ಗಂಟೆಗೆ ಕರಿದ ಪದಾರ್ಥಗಳ ಊಟ: ಹಿಂದೆ ತಿಂದದ್ದು ಪಚನವಾಗುವ ಮೊದಲೇ ಮತ್ತೆ ತಿನ್ನುವ ಇದಕ್ಕೆ ಶಾಸ್ತ್ರದಲ್ಲಿ ‘ಅಧ್ಯಶನ’ವೆಂದು ಹೆಸರು. ಮರುದಿನ ಬೆಳಿಗ್ಗೆ ಮಗು ಹೊಟ್ಟೆನೋವು, ವಾಂತಿ, ಕೆಮ್ಮು ಎಂದು ಚಿಕಿತ್ಸಾಲಯಕ್ಕೆ ಬರುವುದು ಇದರಿಂದಲೇ.

‘ಅಷ್ಟಾಂಗಹೃದಯ’ವು ಸರಳವಾದ ಅಳತೆಯೊಂದನ್ನು ಹೇಳಿದೆ. ಜಠರವನ್ನು ನಾಲ್ಕು ಭಾಗವೆಂದು ಭಾವಿಸಿದರೆ ಎರಡು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ. ನಾಲ್ಕನೆಯದನ್ನು ವಾಯುವಿನ ಸಂಚಾರಕ್ಕೆ ಖಾಲಿ ಬಿಡಬೇಕು. ಹಬ್ಬದ ದಿನವೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಸಿಹಿಯ ಲೆಕ್ಕ

ಆಹಾರಕ್ಕೆ ಬೆರೆಸುವ ಸಕ್ಕರೆಯ ಅಂಶವು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು, ಶೇ. 5ಕ್ಕಿಂತ ಕಡಿಮೆಯಿದ್ದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ದಿನಕ್ಕೆ ಸುಮಾರು 1500 ಕ್ಯಾಲೊರಿ ಬೇಕಾಗುವ ಮಗುವಿಗೆ ಇದು ಗರಿಷ್ಠ 37 ಗ್ರಾಂ. ಒಳ್ಳೆಯ ಮಿತಿಯೆಂದರೆ 19 ಗ್ರಾಂ. ಅನೇಕ ತಂಪು ಪಾನೀಯಗಳ 300 ಮಿಲಿಲೀಟರಿನಲ್ಲಿಯೇ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಕೇಕಿನ ಸರದಿ ಬರುವ ಮೊದಲೇ ಲೆಕ್ಕ ಮುಗಿದಿರುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಬೆಲ್ಲವೂ ಸಿಹಿಯೇ. ಬೆಲ್ಲವೆಂದ ಮಾತ್ರಕ್ಕೆ ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ಸರಿಯಲ್ಲ. ಮಧುಮೇಹವಿರುವ ಅಜ್ಜ-ಅಜ್ಜಿಯರಂತೂ ಇದನ್ನು ಮರೆಯಬಾರದು.

ಇಪ್ಪತ್ತು ಮಕ್ಕಳಿಗೆ ಒಂದು ಸಂಜೆ

ಆಚರಣೆಯನ್ನು ಸಂಜೆ ನಾಲ್ಕರಿಂದ ಆರರವರೆಗೆ ಇಟ್ಟುಕೊಳ್ಳಿರಿ. ಆಗ ಪೂರ್ಣ ಊಟದ ಖರ್ಚಿಲ್ಲ. ಮಕ್ಕಳು ಮನೆಗೆ ಹೋಗಿ ಹಗುರವಾಗಿ ಉಂಡು ಹೊತ್ತಿಗೆ ಸರಿಯಾಗಿ ಮಲಗುತ್ತಾರೆ. ಇಪ್ಪತ್ತು ಮಕ್ಕಳಿಗೆ ಈ ಪ್ರಮಾಣ ಸಾಕು:

ಶೇಂಗಾ ಉಂಡೆ: ಹುರಿದು ಸಿಪ್ಪೆ ತೆಗೆದ ಶೇಂಗಾ 1 ಕಿಲೋ, ಬೆಲ್ಲ 650 ಗ್ರಾಂ. ಸಣ್ಣಗೆ ಕುಟ್ಟಿ ಕಟ್ಟಿದರೆ 30 ಗ್ರಾಂ ತೂಕದ ಐವತ್ತಕ್ಕೂ ಹೆಚ್ಚು ಉಂಡೆಗಳಾಗುತ್ತವೆ. ಅಲ್ಲಿ ಒಂದು ತಿನ್ನಲು, ಮನೆಗೆ ಒಯ್ಯಲು ಒಂದು.

ಕೋಸಂಬರಿ: ಹೆಸರುಬೇಳೆ ಅರ್ಧ ಕಿಲೋ, ಸೌತೆಕಾಯಿ 1 ಕಿಲೋ, ಗಜ್ಜರಿ ಅರ್ಧ ಕಿಲೋ, ಕಾಯಿತುರಿ, ನಿಂಬೆರಸ. ಬೇಳೆಯನ್ನು ಶುದ್ಧ ನೀರಿನಲ್ಲಿ ನೆನೆಸಿ, ಬಡಿಸುವ ಹೊತ್ತಿಗೆ ಬೆರೆಸಬೇಕು.

ಮಂಡಕ್ಕಿ ಒಗ್ಗರಣೆ: ಮಂಡಕ್ಕಿ 600 ಗ್ರಾಂ, ಹುರಿಗಡಲೆ, ಕರಿಬೇವು, ಅರಿಸಿನ. ಖಾರ ಮಿತವಾಗಿರಲಿ.

ಪಾನಕ: ನೀರು 3 ಲೀಟರ್, ಬೆಲ್ಲ 150 ಗ್ರಾಂ, ನಿಂಬೆರಸ, ಶುಂಠಿ, ಏಲಕ್ಕಿ.

ಒಂದು ಉಂಡೆ, ಒಂದು ಲೋಟ ಪಾನಕ ಸೇರಿದರೂ ಬೆಲ್ಲ ಸುಮಾರು 20 ಗ್ರಾಂ ಮಾತ್ರ. ಜೊತೆಗೆ ಋತುಮಾನದ ಹಣ್ಣಿರಲಿ; ಹುಳಿಹಣ್ಣನ್ನು ಹಾಲಿನೊಡನೆ ಬೆರೆಸುವುದನ್ನು ಆಯುರ್ವೇದವು ವಿರುದ್ಧಾಹಾರವೆಂದು ಹೇಳುವುದರಿಂದ ಹಣ್ಣನ್ನು ಹಾಗೆಯೇ ಕೊಡುವುದು ಲೇಸು. ಉಂಡೆ ಕಟ್ಟುವುದು, ಸೌತೆ ತೊಳೆಯುವುದು, ಮಾವಿನೆಲೆಯ ತೋರಣ ಪೋಣಿಸುವುದು ಮಕ್ಕಳ ಕೈಗೇ ಬರಲಿ. ತಾನೇ ಕಟ್ಟಿದ ಉಂಡೆಯನ್ನು ಬೇಡವೆನ್ನುವ ಮಗುವನ್ನು ನಾನು ಕಂಡಿಲ್ಲ. ಉಳಿದ ಹೊತ್ತಿಗೆ ಲಗೋರಿ, ಕುಂಟೆಬಿಲ್ಲೆ, ಚೌಕಾಬಾರ, ವಚನ ಗಾಯನ ಇವೆ; ಇವಾವುದಕ್ಕೂ ಬಾಡಿಗೆಯಿಲ್ಲ.

ಋತುವಿಗೆ ತಕ್ಕ ಹಬ್ಬ

ನಮ್ಮ ಹಿರಿಯರು ಹಬ್ಬದಡುಗೆಯನ್ನು ಋತುವಿನೊಡನೆ ಹೊಂದಿಸಿದ್ದರು. ಚಳಿಗಾಲದಲ್ಲಿ ಜಠರಾಗ್ನಿ ಪ್ರಬಲವಾಗಿರುತ್ತದೆ. ಎಳ್ಳು ಅಮಾವಾಸ್ಯೆಯ ಸಜ್ಜೆ ರೊಟ್ಟಿ, ಸಂಕ್ರಾಂತಿಯ ಎಳ್ಳು-ಬೆಲ್ಲ-ಕೊಬ್ಬರಿಗಳನ್ನು ಆ ಕಾಲದಲ್ಲಿ ದೇಹ ಸುಲಭವಾಗಿ ಜೀರ್ಣಿಸುತ್ತದೆ. ಮಳೆಗಾಲದಲ್ಲಿ ಅಗ್ನಿ ಮಂದ. ಆದ್ದರಿಂದಲೇ ನಾಗರಪಂಚಮಿಯ ಜೋಳದ ಅರಳು ಹಗುರವಾದುದು, ಹಿತವಾದುದು. ಅದೇ ಪಂಚಮಿಯ ಉಂಡೆಗಳನ್ನು ಒಂದೇ ದಿನ ಹತ್ತಾರು ತಿನ್ನದೆ ವಾರವಿಡೀ ಒಂದೊಂದಾಗಿ ತಿನ್ನಬೇಕು. ಬೇಸಿಗೆಯ ರಜೆಯಲ್ಲಿ ಬರುವ ಬಸವ ಜಯಂತಿಗೆ ಪಾನಕ, ಮಜ್ಜಿಗೆ, ಕೋಸಂಬರಿಗಳಿಗಿಂತ ಉತ್ತಮವಾದುದಿಲ್ಲ. ಋತುವಿನಲ್ಲಿ ಹೊಲದಿಂದ ಬಂದದ್ದು ಬೆಲೆಯಲ್ಲಿಯೂ ಅಗ್ಗವೇ.

ಗಮನಿಸಬೇಕಾದ ಎಚ್ಚರಿಕೆಗಳು

• ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಶೇಂಗಾಕಾಳು, ಗಟ್ಟಿ ಮಿಠಾಯಿ ಕೊಡಬಾರದು. ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ ಪ್ರಾಣಾಪಾಯ. ಯಾವ ಮಗುವಿಗಾದರೂ ಶೇಂಗಾ ಒಗ್ಗದೇ ಎಂದು ತಂದೆತಾಯಿಗಳನ್ನು ಮೊದಲೇ ಕೇಳಬೇಕು.

• ವರ್ಷ ತುಂಬದ ಕೂಸಿಗೆ ಜೇನುತುಪ್ಪ ಬೇಡ.

• ಒಡೆದ ಬಲೂನಿನ ಚೂರುಗಳನ್ನು ಕೂಡಲೇ ಆಯ್ದು ತೆಗೆಯಬೇಕು. ಗ್ಯಾಸ್ ಬಲೂನುಗಳಲ್ಲಿ ಹಲವೊಮ್ಮೆ ಜಲಜನಕ ತುಂಬಿರುತ್ತದೆ. ನೊರೆ ಸಿಂಪಡಿಸುವ ಡಬ್ಬಿಗಳೂ ಬೆಂಕಿ ಹತ್ತುವಂಥವು. ಇವೆರಡನ್ನೂ ದೀಪ, ಮೇಣದ ಬತ್ತಿಗಳ ಬಳಿ ತರಲೇಬಾರದು.

• ಕಣ್ಣು ಕುಕ್ಕುವ ಬಣ್ಣದ ತಿನಿಸನ್ನು ದೂರವಿಡಿರಿ. ಬಟ್ಟೆಗೆ ಹಾಕುವ ರೋಡಮೈನ್-ಬಿ ಎಂಬ ಬಣ್ಣವು ಬಾಂಬೆ ಮಿಠಾಯಿಯಂತಹ ತಿನಿಸುಗಳ ಮಾದರಿಗಳಲ್ಲಿ ಪತ್ತೆಯಾದುದರಿಂದಲೇ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವು ನಿಷೇಧದ ಕ್ರಮ ಕೈಗೊಂಡಿತು.

• ಊದಿ ಆರಿಸಿದ ಬತ್ತಿಯ ಕೇಕಿನ ಮೇಲೆ ಎಂಜಲಿನ ಹನಿ ಬೀಳುವುದು ಖಚಿತ. ದೀಪವನ್ನು ಆರಿಸುವ ಬದಲು ಮಗುವಿನ ಕೈಯಿಂದ ಒಂದು ಹಣತೆ ಹಚ್ಚಿಸಿರಿ.

• ಬೇಯಿಸಿದ ಆಹಾರವನ್ನು ಎರಡು ಗಂಟೆಗಳಿಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿರಿ.

ಹಂಚಿ ಉಣ್ಣುವ ಪಾಠ

ಶರಣರು ಕಾಯಕದಿಂದ ಗಳಿಸಿ ದಾಸೋಹದಿಂದ ಹಂಚಿದರು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಪ್ರತಿದಿನ ಒಂದೇ ಸಾಲಿನಲ್ಲಿ ಕುಳಿತು ಸರಳ ಪ್ರಸಾದ ಸ್ವೀಕರಿಸುತ್ತಾರೆ. ಅಲ್ಲಿ ಉಳ್ಳವರ ಮಗು ಯಾವುದು, ಇಲ್ಲದವರ ಮಗು ಯಾವುದೆಂದು ತಟ್ಟೆ ನೋಡಿ ಹೇಳಲಾಗದು. ನಮ್ಮ ಮನೆಯ ಹುಟ್ಟುಹಬ್ಬವೂ ಹಾಗಿರಬೇಕು. ಆಮಂತ್ರಿಸುವಾಗಲೇ ‘ಉಡುಗೊರೆ ಬೇಡ, ಮಗುವನ್ನು ಕರೆತನ್ನಿ’ ಎಂದು ಹೇಳಿಬಿಟ್ಟರೆ ಬರಿಗೈಯಲ್ಲಿ ಬರಲು ನಾಚಿ ಹಿಂದುಳಿಯುವ ಕೂಲಿಕಾರರ ಮಗುವೂ ನಗುತ್ತ ಬರುತ್ತದೆ.

ಉಳಿತಾಯವಾದ ಹಣದ ಒಂದು ಪಾಲನ್ನು ದಾಸೋಹಕ್ಕೆ ಅಥವಾ ಊರಿನ ಅಂಗನವಾಡಿಯ ಮಕ್ಕಳ ಹಣ್ಣಿಗೆ ಕೊಡಿರಿ, ಇನ್ನೊಂದನ್ನು ಮಗುವಿನ ಹೆಸರಿನ ಉಳಿತಾಯ ಖಾತೆಗೆ ಹಾಕಿರಿ. ತಟ್ಟೆಯಲ್ಲಿ ಬಿಟ್ಟದ್ದು ಪ್ರಸಾದದ ಅಪಚಾರವೆಂಬುದನ್ನು ಆ ದಿನವೇ ತಿಳಿಹೇಳಿ, ಸ್ವಲ್ಪವೇ ಬಡಿಸಿ, ಕೇಳಿದವರಿಗೆ ಮತ್ತೆ ಬಡಿಸಿರಿ. ಬಡಿಸುವ ಮೊದಲ ಸೌಟು ಹುಟ್ಟುಹಬ್ಬದ ಮಗುವಿನ ಕೈಯಲ್ಲಿರಲಿ.