ಕೋಟಿನ ಎದೆಯುಬ್ಬು

ನಾಟಕಕ್ಕೆಂದು ಹೊಲಿಸಿದ ಹಳೆಯ ಕಾಲದ ಮಾದರಿಯ ಕೋಟಿನ ಎದೆ ಜೋತುಬೀಳುತ್ತದೆ. ಅಂದಿನ ಕೋಟುಗಳಾದರೋ ಗೂಟಕ್ಕೆ ತೂಗಿದರೂ ಉಬ್ಬಿಯೇ ನಿಲ್ಲುತ್ತವೆ. ಕಾರಣವೇನು?
— ಓದುಗರು, ಹಲಸೂರು

1809ರಲ್ಲಿ ಬ್ರಿಟಿಷ್ ಸೇನೆಯು ಶ್ರೀರಂಗಪಟ್ಟಣವನ್ನು ತೊರೆದು ಬಂದು, ನಿಮ್ಮ ಹಲಸೂರಿನ ಮಗ್ಗುಲಲ್ಲಿ ದಂಡುಪ್ರದೇಶವು ತಲೆಯೆತ್ತಿದ ಮೇಲೆ, ಕೋಟು ಹೊಲಿಯುವ ವಿದ್ಯೆಯು ಇಲ್ಲಿನ ಎಷ್ಟೋ ದರ್ಜಿಗಳಿಗೆ ಅನ್ನದ ಮಾರ್ಗವಾಯಿತು. ಆ ವಿದ್ಯೆಯ ಗುಟ್ಟೆಲ್ಲ ಮೇಲ್ಬಟ್ಟೆಗೂ ಅಸ್ತರಿಗೂ ನಡುವೆ ಅವಿತಿರುವ, ಕುದುರೆಯ ಕೂದಲು ಬೆರೆಸಿ ನೇಯ್ದ ಕ್ಯಾನ್ವಾಸಿನಲ್ಲಿದೆ. ಅದರ ಎರಡು ಮೂರು ಪದರಗಳನ್ನು ಜೊತೆಗಿಟ್ಟು, ಎದೆಯ ಉಬ್ಬಿಗೆ ತಕ್ಕಂತೆ ಕೈಯಲ್ಲಿ ಬಾಗಿಸಿ ಹಿಡಿದೇ, ದರ್ಜಿಯು ಸಣ್ಣ ಸಣ್ಣ ಓರೆಹೊಲಿಗೆಗಳನ್ನು ಸಾಲುಸಾಲಾಗಿ ಹಾಕುತ್ತಾನೆ. ಪುಸ್ತಕವನ್ನು ಬಾಗಿಸಿದಾಗ ಹಾಳೆಗಳು ಒಂದರ ಮೇಲೊಂದು ಜಾರುವುವಷ್ಟೆ. ಆ ಸ್ಥಿತಿಯಲ್ಲಿಯೇ ಅವುಗಳ ಅಂಚನ್ನು ಹೊಲಿದುಬಿಟ್ಟರೆ ಪುಸ್ತಕವು ಮತ್ತೆ ಚಪ್ಪಟೆಯಾಗದು. ಕ್ಯಾನ್ವಾಸಿನ ಪದರಗಳೂ ಹಾಗೆಯೇ ಬಾಗನ್ನು ಬಿಟ್ಟುಕೊಡಲಾರವು. ಕಾಲರಿನ ಮಡಿಕೆಯಲ್ಲಂತೂ ಸೂಜಿಯು ಮೇಲ್ಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಕಚ್ಚಿ ಹಿಂದಿರುಗುವುದರಿಂದ ಹೊಲಿಗೆಯು ಹೊರಗೆ ಕಾಣುವುದೇ ಇಲ್ಲ. ಎಂತಹ ಕೈ ಅದು!

ಬಳಿಕ ಒದ್ದೆಬಟ್ಟೆ ಹಾಸಿ ಇಸ್ತ್ರಿಯೊತ್ತಿದಾಗ, ಹಬೆಯ ಕಾವಿಗೆ ಮೆದುವಾದ ಉಣ್ಣೆಯು ಆರುತ್ತ ಹೊಸ ಆಕಾರವನ್ನೇ ಹಿಡಿಯುತ್ತದೆ. ಇಂದು ಅಂಟುಲೇಪಿತ ಪದರವನ್ನು ಚಪ್ಪಟೆಯಾಗಿಯೇ ಒತ್ತುವ ರೂಢಿಯಿರುವುದರಿಂದ ಆ ಉಬ್ಬು ಹುಟ್ಟುವುದಿಲ್ಲ. ಶಿವಾಜಿನಗರದಲ್ಲಿ ಹೊಲಿಸುವಿರಾದರೆ ಕೈಹೊಲಿಗೆಯ ಕ್ಯಾನ್ವಾಸೇ ಬೇಕೆಂದು ಮೊದಲೇ ತಿಳಿಸಿರಿ. ಕೂಲಿ ಹೆಚ್ಚಾದೀತು, ಆದರೂ ಕೊಡತಕ್ಕದ್ದೆಂದೇ ನನ್ನ ಮತ.