ಝೈತೂನ್ ಮರದ ಕೆಳಗಿನ ಖಿದ್ಮತ್

ಫೆಲೆಸ್ತೀನಿಗಾಗಿ ನಾವು ಪ್ರತಿ ಜುಮಾದಲ್ಲೂ ದುಆ ಮಾಡುತ್ತೇವೆ. ಆದರೆ ಅಲ್ಲಿನವರ ನೆರವಿಗೆಂದು ಹೊರದೇಶಗಳಿಂದ ಹೋಗುವ ಸ್ವಯಂಸೇವಕರು ದಿನವಿಡೀ ಏನು ಮಾಡುತ್ತಾರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಟ್ಯಾಂಕಿನ ಎದುರು ನಿಲ್ಲುವುದೇ ಅವರ ಕೆಲಸವೆಂದು ನಮ್ಮ ಯುವಕರು ಭಾವಿಸಿದ್ದಾರೆ. ಪಶ್ಚಿಮ ದಂಡೆಯ ಹಳ್ಳಿಗಳಲ್ಲಿ ಅವರ ದಿನಗಳು ಕಳೆಯುವುದು ಕಾಯಿ ಕೀಳುವುದರಲ್ಲಿ, ಕಾದು ಕೂರುವುದರಲ್ಲಿ, ಮಕ್ಕಳ ಜೊತೆ ನಡೆಯುವುದರಲ್ಲಿ.

ಅಕ್ಟೋಬರ್, ನವೆಂಬರ್ ಅಲ್ಲಿ ಝೈತೂನ್ ಕೊಯ್ಲಿನ ಕಾಲ. ಸೂರಃ ಅತ್ತೀನ್‌ನ ಆರಂಭದಲ್ಲಿ ಅಲ್ಲಾಹನು ಆಣೆ ಹಾಕಿರುವ ಅದೇ ಝೈತೂನ್. ವಿಶ್ವಸಂಸ್ಥೆಯ ಲೆಕ್ಕದಂತೆ 80,000ದಿಂದ 1,00,000 ಕುಟುಂಬಗಳ ಆದಾಯಕ್ಕೆ ಇದು ಆಧಾರ. ಬೆಳಗ್ಗೆ ಮನೆಮಂದಿಯೆಲ್ಲ ತೋಟಕ್ಕೆ ಹೋಗಿ, ಮರದ ಕೆಳಗೆ ಟಾರ್ಪಾಲು ಹಾಸಿ, ಕೈಯಿಂದಲೋ ಬಾಚಣಿಗೆಯಂಥ ಸಣ್ಣ ಸಾಧನದಿಂದಲೋ ಕಾಯಿ ಉದುರಿಸುತ್ತಾರೆ. ವಯಸ್ಸಾದವರು ಕುಳಿತು ಎಲೆ, ಕಡ್ಡಿ ಆರಿಸುತ್ತಾರೆ. ಸ್ವಯಂಸೇವಕನ ಪಾಲಿಗೂ ಒಂದು ಕೊಂಬೆ. ಮಧ್ಯಾಹ್ನ ಅದೇ ನೆರಳಲ್ಲಿ ರೊಟ್ಟಿ, ಎಣ್ಣೆ, ಝಅತರ್, ಸಿಹಿ ಚಹಾ. ಕಿತ್ತ ಕಾಯಿಯನ್ನು ಹೆಚ್ಚು ದಿನ ಇಟ್ಟರೆ ಎಣ್ಣೆಯ ಗುಣ ಕೆಡುತ್ತದೆ; ಆದ್ದರಿಂದ ಚೀಲಗಳು ಬೇಗನೆ ಗಾಣ ಸೇರಬೇಕು.

ಕಾಯಿ ಕೀಳಲು ಹೊರಗಿನವರೇಕೆ? ಅವರಿಗಿಂತ ಆ ಮನೆಯ ಹುಡುಗರೇ ಬೇಗ ಕೀಳುತ್ತಾರೆ. ತೊಂದರೆ ಇರುವುದು ಬೇರೆ ಕಡೆ. ಇಸ್ರೇಲಿ ವಸಾಹತುಗಳ ಪಕ್ಕದಲ್ಲಿರುವ ಅನೇಕ ತೋಟಗಳಿಗೆ, 2002ರಿಂದ ಕಟ್ಟುತ್ತಾ ಬಂದ ಗೋಡೆಯ ಆಚೆ ಉಳಿದ ತೋಟಗಳಿಗೆ, ತೋಟದ ಒಡೆಯನೇ ಸೈನ್ಯದ ಅನುಮತಿ ಪಡೆದು ಹೋಗಬೇಕು. ವರ್ಷದಲ್ಲಿ ಸಿಗುವುದು ಕೆಲವೇ ದಿನ. ಆ ದಿನಗಳಲ್ಲೇ ವಸಾಹತಿನವರು ಬಂದು ಹೊಡೆದರೆ, ಕಾಯಿ ಕದ್ದರೆ ವರ್ಷದ ದುಡಿಮೆ ಹೋಯಿತು. ಹೆಚ್ಚು ಕೈಗಳಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಹೊರದೇಶದ ಸಾಕ್ಷಿ ನೋಡುತ್ತಿದ್ದರೆ ಕೈ ಎತ್ತುವವನು ಕೆಲವೊಮ್ಮೆ ಹಿಂಜರಿಯುತ್ತಾನೆ. ಅವರ ಕೈಯಲ್ಲಿ ಕ್ಯಾಮೆರಾ ಇರುವುದು ಇದಕ್ಕೆ. ನಮ್ಮಲ್ಲಿ ಒಂದು ರೇಷನ್ ಕಿಟ್ ಕೊಟ್ಟರೂ ಫೋಟೋದ ನಡುವೆ ಕೊಟ್ಟವನ ಮುಖವೇ ಇರುತ್ತದೆ. ಅಲ್ಲಿ ಕ್ಯಾಮೆರಾ ತಿರುಗುವುದು ಹೊಡೆಯಲು ಬಂದವನ ಕಡೆಗೆ.

ಹೊರಗಿನವರು ಹೋಗಿ ಹೊಸದೇನನ್ನೂ ಕಲಿಸುವುದಿಲ್ಲ. ಒಬ್ಬರ ಕೊಯ್ಲಿಗೆ, ಮನೆ ಕಟ್ಟುವ ಕೆಲಸಕ್ಕೆ ಊರವರೆಲ್ಲ ಕೂಲಿಯಿಲ್ಲದೆ ಸೇರುವ ಪದ್ಧತಿ ಅಲ್ಲಿ ಹಿಂದಿನಿಂದಲೂ ಇದೆ. ಅದಕ್ಕೆ ‘ಔನಾ’ ಎನ್ನುತ್ತಾರೆ. ನಮ್ಮ ರೈತರ ಮುಯ್ಯಾಳಿನಂತೆ. ರಾಮಲ್ಲಾ ಬಳಿಯ ಬೀರ್‌ಝೈತ್ ವಿಶ್ವವಿದ್ಯಾಲಯದಲ್ಲಿ 120 ಗಂಟೆ ಸಮಾಜಸೇವೆ ಮಾಡದೆ ಪದವಿ ಸಿಗುವುದಿಲ್ಲ. ಸ್ವಯಂಸೇವಕನು ಈ ಪದ್ಧತಿಯೊಳಗೆ ಸೇರಿಕೊಳ್ಳುತ್ತಾನೆ. ಯಾವ ತೋಟಕ್ಕೆ ಹೋಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಹೇಳುವವರು ಊರವರು.

ಬರುವವರೆಲ್ಲ ಮುಸ್ಲಿಮರಲ್ಲ. ಕ್ರೈಸ್ತ ಸಂಘಟನೆಗಳವರಿದ್ದಾರೆ. ಇಸ್ರೇಲಿನ ‘ರಬ್ಬೀಸ್ ಫಾರ್ ಹ್ಯೂಮನ್ ರೈಟ್ಸ್’ ಎಂಬ ಯಹೂದಿ ಧರ್ಮಗುರುಗಳ ಸಂಘಟನೆಯೂ ಕೊಯ್ಲಿಗೆ ಜನರನ್ನು ಕರೆತರುತ್ತದೆ. ಯಹೂದಿ ಎಂದೊಡನೆ ಶಪಿಸಲು ಹೊರಡುವ ನಮ್ಮ ಕೆಲವು ಭಾಷಣಕಾರರು ಇದನ್ನು ತಿಳಿದಿರಬೇಕು.

ಅಪಾಯ ಇಲ್ಲವೆಂದಲ್ಲ. 2003ರ ಮಾರ್ಚ್ 16ರಂದು ಗಾಝಾದ ರಫಾದಲ್ಲಿ ಮನೆಯೊಂದನ್ನು ಉಳಿಸಲು ನಿಂತ 23ರ ಅಮೆರಿಕನ್ ಯುವತಿ ರೇಚಲ್ ಕೋರಿ ಬುಲ್ಡೋಜರಿಗೆ ಸಿಕ್ಕಿ ಸತ್ತರು. 2024ರ ಸೆಪ್ಟೆಂಬರ್ 6, ಶುಕ್ರವಾರ, ನಾಬ್ಲುಸ್ ಬಳಿಯ ಬೈತಾದಲ್ಲಿ 26ರ ಐಶನೂರ್ ಎಜ್ಗಿ ಐಗಿ ಸೈನಿಕರ ಗುಂಡಿಗೆ ಬಲಿಯಾದರು. ತುರ್ಕಿ ಮೂಲದ ಈ ಅಮೆರಿಕನ್ ಯುವತಿ ಅಲ್ಲಿಗೆ ಬಂದು ಕೆಲವೇ ದಿನಗಳಾಗಿದ್ದವು. ಇವರ ಹೆಸರು ಲೋಕಕ್ಕೆ ತಿಳಿಯಿತು. ಅದೇ ಬೈತಾದಲ್ಲಿ ಅದಕ್ಕೂ ಮೊದಲು ಸತ್ತ ಊರವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಹೆಬ್ರಾನಿನ (ಅಲ್ ಖಲೀಲ್) ದಕ್ಷಿಣದ ಗುಡ್ಡಗಳಲ್ಲಿ ತೂಬಾ ಎಂಬ ಪುಟ್ಟ ಊರಿನ ಮಕ್ಕಳು ಅತ್ತುವಾನಿಯ ಶಾಲೆಗೆ ನಡೆದು ಬರುತ್ತಿದ್ದರು. ಹತ್ತಿರದ ದಾರಿ ವಸಾಹತಿನ ಪಕ್ಕದಲ್ಲೇ ಇದೆ. ಅಲ್ಲಿ ಮಕ್ಕಳ ಮೇಲೆ ದಾಳಿಗಳಾದಾಗ, 2004ರಲ್ಲಿ ಸ್ವಯಂಸೇವಕರು ಜೊತೆಯಲ್ಲಿ ನಡೆಯತೊಡಗಿದರು. ಮುಸುಕುಧಾರಿಗಳು ಅವರನ್ನೇ ಬಡಿದು ಆಸ್ಪತ್ರೆಗೆ ಸೇರಿಸಿದರು. ಸುದ್ದಿ ಹರಡಿತು, ಇಸ್ರೇಲಿನ ಸಂಸತ್ತಿನ ಸಮಿತಿಯೇ ಮಕ್ಕಳಿಗೆ ಸೈನ್ಯದ ಬೆಂಗಾವಲು ಬೇಕೆಂದಿತು. ಆದರೆ ಬೆಂಗಾವಲಿನ ಜೀಪು ತಡವಾಗಿ ಬರುವ, ಬಾರದೇ ಇರುವ ದಿನಗಳಿದ್ದವು. ಆದ್ದರಿಂದ ಸ್ವಯಂಸೇವಕರು ಊರು ಬಿಡಲಿಲ್ಲ. ದೂರದಲ್ಲಿ ನಿಂತು, ಜೀಪು ಎಷ್ಟು ಹೊತ್ತಿಗೆ ಬಂತು, ಮಕ್ಕಳು ಎಷ್ಟು ಹೊತ್ತು ಕಾದರು ಎಂದು ದಿನದಿನವೂ ಬರೆದಿಡುತ್ತಾ ಬಂದರು.